ಅಲೆಕ್ಸಾಂಡರ್‌ವೋಲ್ ಸಭೆಯ ಚರಿತ್ರೆ: ಐತಿಹ್ಯವೂ ವಂಶಪುಸ್ತಕವೂ

ರಾಜವಂಶಗಳ ಚರಿತ್ರೆಗೆ ಶಾಸನಗಳೂ ನಾಣ್ಯಗಳೂ ಪ್ರಶಸ್ತಿಕಾವ್ಯಗಳೂ ಆಧಾರವಾಗಿರುವುವು. ನೆಲವನ್ನು ಉತ್ತು ಬಾಳಿದ, ಆಯುಧವನ್ನು ಹಿಡಿಯದ, ಆಣೆಯನ್ನಿಡದ ಒಂದು ಸಣ್ಣ ಜನಸಮೂಹದ ಚರಿತ್ರೆಗೆ ಯಾವುದು ಆಧಾರ? ಅಮೆರಿಕೆಯ ಕ್ಯಾನ್ಸಸ್ ಸಂಸ್ಥಾನದ ಗೆಸೆಲ್ ಎಂಬ ಊರಿನ ಬಳಿಯಲ್ಲಿರುವ ಅಲೆಕ್ಸಾಂಡರ್‌ವೋಲ್ ಎಂಬ ಮೆನೊನೈಟ್ ಸಭೆಯ ವೃತ್ತಾಂತವು ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಮೆನೊನೈಟರ ಮತವು 16ನೆಯ ಶತಮಾನದ ಯೂರೋಪಿನಲ್ಲಿ ಹುಟ್ಟಿದುದು. 1525ರಲ್ಲಿ ಜೂರಿಕ್ ನಗರದಲ್ಲಿ ಕೆಲವರು ಶಿಶುಗಳ ದೀಕ್ಷಾಸ್ನಾನವನ್ನು ನಿರಾಕರಿಸಿ, ಪ್ರೌಢರಾದ ಮೇಲೆ ತಾವೇ ಒಪ್ಪಿ ಪಡೆಯುವುದೇ ನಿಜವಾದ ದೀಕ್ಷೆಯೆಂದು ಸಾಧಿಸಿದರು. ಫ್ರೀಸ್‌ಲ್ಯಾಂಡಿನ ಪಾದ್ರಿಯಾಗಿದ್ದ ಮೆನೊ ಸೈಮನ್ಸನು 1536ರಲ್ಲಿ ಪೂರ್ವಮತವನ್ನು ತ್ಯಜಿಸಿ ಈ ಪಂಥದ ನಾಯಕನಾದನು. ಪಂಥಕ್ಕೆ ಅವನ ಹೆಸರೇ ನಿಂತಿತು. ದೇಶಭ್ರಷ್ಟರಾದ ಈ ಜನರಲ್ಲಿ ಅನೇಕರು ವಿಸ್ತುಲಾ ನದಿಯ ತಗ್ಗುನೆಲವನ್ನು ಸೇರಿದರು. ಶ್ವೆಟ್ಸ್ ಪಟ್ಟಣದ ಸಮೀಪದ ಪ್ಷೆಖೂಫ್ಕ ಗ್ರಾಮದ ಸಭೆಯು ಅವುಗಳಲ್ಲೊಂದು. 1772ರಲ್ಲಿ ಆ ಸೀಮೆಯು ಪ್ರಷ್ಯದ ವಶವಾಯಿತು. 1789ರ ರಾಜಾಜ್ಞೆಯು ಸೈನ್ಯಕ್ಕೆ ಸೇರದ ಇವರು ಹೊಸ ಭೂಮಿಯನ್ನು ಪಡೆಯದಂತೆ ನಿರ್ಬಂಧಿಸಿತು. ಇತ್ತ ರಷ್ಯದ ಚಕ್ರವರ್ತಿ ಪೌಲನು 1800ರಲ್ಲಿ ತನ್ನ ರಾಜ್ಯದ ಮೆನೊನೈಟರಿಗೆ ಸೈನ್ಯಸೇವೆಯಿಂದ ವಿನಾಯಿತಿಯನ್ನು ಕೊಟ್ಟಿದ್ದನು. ಹೀಗೆ 1820ರಲ್ಲಿ ಪ್ಷೆಖೂಫ್ಕದವರು ಹಿರಿಯ ಪೀಟರ್ ವೆಡೆಲನೊಡನೆ ಹೊರಟು, ಇಂದಿನ ಯುಕ್ರೇನಿನ ಮೊಲೋಚ್ನ ಪ್ರಾಂತವನ್ನು ಸೇರಿದರು.

ದಾರಿಯಲ್ಲಿ ಅವರಿಗೆ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನು ಎದುರಾಗಿ ಕ್ಷೇಮವನ್ನು ಹಾರೈಸಿದನೆಂದೂ, ಆ ನೆನಪಿಗಾಗಿಯೇ ಹೊಸ ಗ್ರಾಮಕ್ಕೆ ಅಲೆಕ್ಸಾಂಡರ್‌ವೋಲ್ ಎಂದು ಹೆಸರಿಟ್ಟರೆಂದೂ ಪರಂಪರೆಯು ಹೇಳುತ್ತದೆ. ಈ ಸಭೆಯ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ಈ ಕಥೆಯನ್ನೇ ಮುಂದಿಡುವರು. ನೈಯಾಯಿಕರು ಐತಿಹ್ಯವನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸದೆ ಶಬ್ದದಲ್ಲಿಯೇ ಅಡಗಿಸಿದರು. ಆದುದರಿಂದ ಹೇಳಿದವನ ಯೋಗ್ಯತೆಯೇ ಅದರ ಬಲ. ಕಥೆಯು ನಿಜವಾಗಿದ್ದರೂ ಇರಬಹುದು. ಆದರೆ ಖಡ್ಗವನ್ನು ತ್ಯಜಿಸಿದವರ ಚರಿತ್ರೆಗೆ ಖಡ್ಗಧಾರಿಯ ಹಾರೈಕೆಯನ್ನು ತಲೆಕಟ್ಟಾಗಿ ಇಡುವುದು ಯುಕ್ತವೇ? ಮೀಮಾಂಸಕರ ರೀತಿಯಿಂದ ಇದನ್ನು ಅರ್ಥವಾದವೆಂದು ಗ್ರಹಿಸಿದರೆ ವಿರೋಧವು ಪರಿಹಾರವಾಗುವುದು. ನೆಲೆಯಿಲ್ಲದವರ ಕೃತಜ್ಞತೆಯೇ ಇದರ ತಾತ್ಪರ್ಯ, ಚಕ್ರವರ್ತಿಯ ಸ್ತುತಿಯಲ್ಲ.

ಮುಖ್ಯ ಪ್ರಮಾಣವು ಬೇರೆ ಇದೆ. ಅದು ಪ್ಷೆಖೂಫ್ಕದ ಸಭಾಪುಸ್ತಕ. ಇದರಲ್ಲಿ ವರ್ಣನೆಯಿಲ್ಲ, ನಾಯಕನಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆಯನ್ನು ಕೊಟ್ಟು, ತಂದೆತಾಯಿಗಳನ್ನೂ ಮಕ್ಕಳನ್ನೂ ಆ ಸಂಖ್ಯೆಗಳಿಂದಲೇ ಒಂದಕ್ಕೊಂದು ಜೋಡಿಸಲಾಗಿದೆ. ವೆಡೆಲ್, ಷ್ಮಿಟ್, ಉನ್ರು, ಬುಲ್ಲರ್, ರಾಟ್ಸ್‌ಲಾಫ್ ಎಂಬ ಕುಲನಾಮಗಳು ಅದರಲ್ಲಿ ಮರಳಿ ಮರಳಿ ಬರುತ್ತವೆ. ಇಲ್ಲಿಯೇ ಒಂದು ಗಂಭೀರವಾದ ವಿಷಯವು ಗೋಚರಿಸುತ್ತದೆ. ಈ ಮತದ ಸಿದ್ಧಾಂತದಂತೆ ಯಾರೂ ಹುಟ್ಟಿನಿಂದ ಮೆನೊನೈಟನಾಗಲಾರನು. ಜನನಕ್ಕೂ ದೀಕ್ಷೆಗೂ ನಡುವೆ ವರ್ಷಗಳ ಅಂತರವಿರಬೇಕು, ಆ ಅಂತರದಲ್ಲಿ ಸ್ವಂತ ಸಮ್ಮತಿಯು ಹುಟ್ಟಬೇಕು. ಆದರೆ ಸಭೆಯು ಕಾಪಾಡಿಕೊಂಡು ಬಂದ ಗ್ರಂಥವು ವಂಶಾವಳಿ. ಸ್ವೇಚ್ಛೆಯಿಂದ ಕೂಡಬೇಕಾದ ಸಭೆಯು ತಲೆಮಾರುಗಳ ಪರ್ಯಂತ ಕೆಲವೇ ಮನೆತನಗಳ ಬಳಗವಾಗಿ ಬೆಳೆಯಿತು. ಇದನ್ನು ದೋಷವೆಂದು ಮರೆಮಾಚುವುದೂ ಬೇಡ, ಗುಣವೆಂದು ಹೊಗಳುವುದೂ ಬೇಡ. ಸಿದ್ಧಾಂತಕ್ಕೂ ಬಾಳಿಗೂ ನಡುವಣ ಈ ಎಳೆತವೇ ಇಂತಹ ಸಭೆಗಳ ಚರಿತ್ರೆಯ ಜೀವಾಳ. ಇದನ್ನು ಬಿಟ್ಟು ಬರೆದ ಚರಿತ್ರೆಯು ಊರುಗಳ ಪಟ್ಟಿಯಾಗಿ ಉಳಿಯುವುದು.

1874ರಲ್ಲಿ ರಷ್ಯದಲ್ಲಿ ಸಾರ್ವತ್ರಿಕ ಸೈನ್ಯಸೇವೆಯ ಕಾನೂನು ಬಂದಿತು. ಒಬ್ಬ ಅರಸನು ಕೊಟ್ಟ ಅಭಯವನ್ನು ಇನ್ನೊಬ್ಬ ಅರಸನು ಹಿಂತೆಗೆದುಕೊಳ್ಳಬಲ್ಲನೆಂಬುದು ಆಗ ಸ್ಪಷ್ಟವಾಯಿತು. ಆಯುಧಕ್ಕೆ ಬದಲಾಗಿ ಬೇರೆ ಸೇವೆಯನ್ನು ಒಪ್ಪಿಕೊಂಡು ಅನೇಕ ಮೆನೊನೈಟರು ಅಲ್ಲಿಯೇ ಉಳಿದರು. ಅಲೆಕ್ಸಾಂಡರ್‌ವೋಲಿನವರಾದರೋ ಸುಮಾರು 800 ಮಂದಿ ಅದೇ ವರ್ಷ ಅಮೆರಿಕೆಗೆ ಹೊರಟರು. ಹಿರಿಯ ಯಾಕೊಬ್ ಬುಲ್ಲರನ ಗುಂಪು ಸಿಂಬ್ರಿಯ ಎಂಬ ಹಡಗನ್ನೂ, ಡೀಟ್ರಿಕ್ ಗೆಡ್ಡರ್ಟನ ಗುಂಪು ಟ್ಯೂಟೋನಿಯ ಎಂಬ ಹಡಗನ್ನೂ ಏರಿತು. ಕ್ಯಾನ್ಸಸ್ಸಿನಲ್ಲಿ ಇವು ಎರಡು ಸಭೆಗಳಾದುವು. ಎರಡನೆಯದು ‘ಆಶೆಯ ಹುಲ್ಲುಗಾವಲು’ ಎಂಬರ್ಥದ ಹೊಫ್‌ನುಂಗ್ಸಾವ್ ಎಂಬ ಹೆಸರನ್ನು ತಳೆಯಿತು. ಮೊದಲನೆಯದು ತಾನು ಬಿಟ್ಟುಬಂದ ರಾಜ್ಯದ ಚಕ್ರವರ್ತಿಯ ಹೆಸರನ್ನೇ ಉಳಿಸಿಕೊಂಡಿತು. ಅದು 1886ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರವು ಇಂದಿಗೂ ಇದೆ.

ಎರಡು ಹೆಸರುಗಳನ್ನು ತೂಗಿ ನೋಡಿದರೆ ಒಂದು ಗತಕಾಲದ ಉಪಕಾರವನ್ನೂ, ಇನ್ನೊಂದು ಮುಂಬರುವ ಕಾಲವನ್ನೂ ನೋಡುತ್ತದೆ. ಆದರೆ ಈ ಜನರನ್ನು ವಿಸ್ತುಲೆಯಿಂದ ಕ್ಯಾನ್ಸಸ್ಸಿನವರೆಗೆ ಒಂದಾಗಿ ಹಿಡಿದು ತಂದುದು ಹೆಸರಲ್ಲ, ಹಾರೈಕೆಯೂ ಅಲ್ಲ; ಅಲಂಕಾರವಿಲ್ಲದ ಆ ಪುಸ್ತಕದಲ್ಲಿ ಸಾಲಾಗಿ ನಿಂತಿರುವ ಮನುಷ್ಯರು. ಇಂತಹ ಸಭೆಯ ಚರಿತ್ರಕಾರನು ಮೊದಲು ಆ ಪಟ್ಟಿಯನ್ನು ಓದಿ, ಬಳಿಕ ಚಕ್ರವರ್ತಿಯ ಕಥೆಯನ್ನು ಕೇಳಬೇಕು. ಆಗ ಆ ಕಥೆಗೂ ಯೋಗ್ಯವಾದ ಸ್ಥಾನವು ತಾನಾಗಿಯೇ ಲಭಿಸುವುದು.