ಕಾಣದ ಪಲ್ಸಾರುಗಳ ಗಣನೆ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯ ಶಾಸನಗಳನ್ನು ಓದುವವರು ಒಂದು ಎಚ್ಚರಿಕೆಯನ್ನು ಬಲ್ಲರು. ಸೂಡಿಯಲ್ಲಿ ಚಾಲುಕ್ಯರ ಕಾಲದ ಕಲ್ಬರಹಗಳು ಹಲವು ಉಳಿದಿವೆಯೆಂದಮಾತ್ರಕ್ಕೆ ನೆರೆಯ ಹಳ್ಳಿಗಳಲ್ಲಿ ದಾನಿಗಳೇ ಇರಲಿಲ್ಲವೆನ್ನಲಾಗದು. ಒಡೆದ ಕಲ್ಲು, ಗೋಡೆಯೊಳಗೆ ಸೇರಿದ ಕಲ್ಲು ಲೆಕ್ಕಕ್ಕೆ ಸಿಕ್ಕುವುದಿಲ್ಲ. ಇದೇ ಎಚ್ಚರಿಕೆಯನ್ನು ನಕ್ಷತ್ರಗಳ ವಿಷಯದಲ್ಲಿ ವಹಿಸಿದ ಲೇಖನವೊಂದು 1981ರಲ್ಲಿ ಬೆಂಗಳೂರಿನ 'ಜರ್ನಲ್ ಆಫ್ ಅಸ್ಟ್ರೋಫಿಸಿಕ್ಸ್ ಅಂಡ್ ಅಸ್ಟ್ರಾನಮಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರು ರಾಮನ್ ಸಂಶೋಧನ ಸಂಸ್ಥೆಯ ವಿವೇಕಾನಂದ್ ಮತ್ತು ರಮೇಶ್ ನಾರಾಯಣ್.

ಪಲ್ಸಾರ್ ಎಂಬುದು ತಿರುಗುವ ನ್ಯೂಟ್ರಾನ್ ತಾರೆ. ಅದರ ರೇಡಿಯೋ ಕಿರಣವು ನಮ್ಮತ್ತ ಹಾಯ್ದಾಗಲೆಲ್ಲ ಒಂದು ಮಿಡಿತ ತೋರುವುದು. ವಯಸ್ಸಾದಂತೆ ಸುತ್ತಿನ ಅವಧಿ ದೀರ್ಘವಾಗುತ್ತ ಹೋಗಿ ಕಡೆಗೆ ಮಿಡಿತ ನಿಲ್ಲುವುದು. ಮಂದವಾದವು ಸಮೀಪದಲ್ಲಿದ್ದರಷ್ಟೇ ಕಾಣುವುವು. ಕಿರಣ ಬೇರೆಡೆಗೆ ಬೀಳುವಂಥವು ಕಾಣವೇ ಕಾಣವು. ಆದಕಾರಣ ಲೇಖಕರು ಕಂಡ ಪ್ರತಿಯೊಂದು ಪಲ್ಸಾರಿಗೂ, ಅದರಂತಹ ಕಾಣದವು ಎಷ್ಟಿರಬೇಕೆಂಬುದಕ್ಕೆ ತಕ್ಕ ತೂಕವನ್ನು ಕೊಟ್ಟು, ಅಲ್ಪಾವಧಿಯಿಂದ ದೀರ್ಘಾವಧಿಯ ಕಡೆಗೆ ಸಾಗುವ ಪ್ರವಾಹವನ್ನು ಅಳೆದರು. ಫಲವಾಗಿ ನಮ್ಮ ಆಕಾಶಗಂಗೆಯಲ್ಲಿ ಸುಮಾರು 6 ಲಕ್ಷ ಪಲ್ಸಾರುಗಳೆಂದೂ ಸುಮಾರು 21 ವರ್ಷಕ್ಕೊಂದು ಜನನವೆಂದೂ ತೋರಿತು.

ವಿವಾದಕ್ಕೆ ಎಡೆಗೊಟ್ಟದ್ದು ಇನ್ನೊಂದು ತೀರ್ಮಾನ. ಬೆಣ್ಣಿಹಳ್ಳ ಸೇರಿದ ಮೇಲೆ ಮಲಪ್ರಭೆಯ ನೀರು ಹೆಚ್ಚುವಂತೆ, ಅರ್ಧ ಸೆಕೆಂಡಿನ ಅವಧಿಯಿಂದಾಚೆಗೆ ಈ ಪ್ರವಾಹವು ಹೆಚ್ಚುತ್ತದೆ. ಬಹುಪಾಲು ಪಲ್ಸಾರುಗಳು ಅಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತವೆ ಎಂದು ಅವರ ವಾದ. 1054ರಲ್ಲಿ ಕಂಡ ಸ್ಫೋಟದಿಂದ ಹುಟ್ಟಿದ ಏಡಿ ನೀಹಾರಿಕೆಯ ಪಲ್ಸಾರು ಇಂದಿಗೂ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತಿರುವಾಗ ಇದು ದಿಟ್ಟ ಮಾತೇ ಸರಿ. ಆದರೆ ಅವರು 'ಹುಟ್ಟುತ್ತವೆ' ಎನ್ನಲಿಲ್ಲ, 'ಕಾಣಿಸಿಕೊಳ್ಳುತ್ತವೆ' ಎಂದರು. ಕಾರಣವು ಬಹುಶಃ ರೇಡಿಯೋ ಕಿರಣ ಹೊಮ್ಮುವ ಬಗೆಯಲ್ಲಿರಬಹುದೆಂದೂ ಸೂಚಿಸಿದರು. ಪದಗಳ ಈ ಭೇದವನ್ನು ಮರೆತು ಲೇಖನವನ್ನು ಖಂಡಿಸುವುದು ನ್ಯಾಯವಲ್ಲ.

ನನ್ನ ಆಕ್ಷೇಪ ಬೇರೆಡೆಯದು. ಇಂತಹ ಗಣನೆಯಲ್ಲಿ ಭಾರವೆಲ್ಲ ಕೆಲವೇ ಮಂದ ಪಲ್ಸಾರುಗಳ ಮೇಲೆ ಬೀಳುತ್ತದೆ. ಅವುಗಳಲ್ಲಿ ಎರಡು ಮೂರನ್ನು ತೆಗೆದರೆ ಪ್ರವಾಹದ ರೂಪವೇ ಬದಲಾದೀತು. ತಾವು ಕೊಟ್ಟ ದೋಷಮಿತಿಯಲ್ಲಿ ಇತರ ದೋಷಗಳು ಸೇರಿಲ್ಲ, ಅವು ದೊಡ್ಡವಾಗಿರಬಹುದು ಎಂದು ಲೇಖಕರೇ ಒಪ್ಪಿದ್ದಾರೆ. ಹಾಗಿರಲು ಉಪನದಿಯ ವಾದವನ್ನು ಇನ್ನಷ್ಟು ಅಳುಕಿನಿಂದ ಮಂಡಿಸಬಹುದಾಗಿತ್ತು.

2006ರಲ್ಲಿ ಫೋಶೇ-ಜಿಗೇರ್ ಮತ್ತು ಕಾಸ್ಪಿ ವಿಲೋಮಮಾರ್ಗ ಹಿಡಿದರು: ಕಂಪ್ಯೂಟರಿನಲ್ಲಿ ಪಲ್ಸಾರುಗಳನ್ನು ಹುಟ್ಟಿಸಿ, ಮುಪ್ಪಾಗಿಸಿ, ದೂರದರ್ಶಕದ ಮಿತಿಗಳಲ್ಲಿ ಸೋಸಿ, ಉಳಿದವನ್ನು ಕಂಡವುಗಳೊಡನೆ ಹೋಲಿಸಿದರು. ಜನ್ಮಾವಧಿಯ ಸರಾಸರಿ 0.3 ಸೆಕೆಂಡು, ಹರವು 0.15; ಶತಮಾನಕ್ಕೆ 2.8 ಜನನ. ಇಲ್ಲಿ ಉಪನದಿ ಬೇಕಿಲ್ಲ, ಅಗಲವಾದ ಉಗಮವೇ ಸಾಕು. ಆದರೂ ಕಾಂತಿಯ ನಿಯಮದ ರೂಪವನ್ನು ಮೊದಲೇ ಊಹಿಸಿಕೊಳ್ಳದೆ ಈ ಮಾರ್ಗ ನಡೆಯದು. ಹಿಂದಿನವರು ಪ್ರವಾಹದ ಅಳತೆಯಲ್ಲಿ ಊಹೆಯನ್ನು ಆದಷ್ಟು ದೂರವಿಟ್ಟರು. ವಿದ್ಯಾರ್ಥಿಗಳ ಕೈಗೆ ಮೊದಲು ಆ ಹಳೆಯ ಲೇಖನವನ್ನೇ ಕೊಡುವುದು ಲೇಸು.