ದಂಪತಿಗಳ ಚರಿತ್ರೆ: ಪಟ್ಟಾಭಿರಾಮ ರೆಡ್ಡಿ ಮತ್ತು ಸ್ನೇಹಲತಾ

ಒಬ್ಬ ವ್ಯಕ್ತಿಯ ಜೀವನಚರಿತ್ರೆಗಿಂತ ದಂಪತಿಗಳ ಜೀವನಚರಿತ್ರೆಯನ್ನು ಬರೆಯುವುದು ಕಷ್ಟತರವಾದ ಕಾರ್ಯ. ಪಟ್ಟಾಭಿರಾಮ ರೆಡ್ಡಿ ಹಾಗೂ ಸ್ನೇಹಲತಾ ರೆಡ್ಡಿಯವರ ವಿಷಯದಲ್ಲಂತೂ ಆ ಕಷ್ಟ ಇಮ್ಮಡಿಸುತ್ತದೆ. ಗಂಡನ ಕಾವ್ಯವಿರುವುದು ತೆಲುಗಿನಲ್ಲಿ. ಹೆಂಡತಿಯ ಸೆರೆಮನೆಯ ದಿನಚರಿಯಿರುವುದು ಇಂಗ್ಲಿಷಿನಲ್ಲಿ. ಇಬ್ಬರೂ ಕೂಡಿ ಮಾಡಿದ ಕೆಲಸಗಳಲ್ಲಿ ಪ್ರಸಿದ್ಧವಾದುದು ಕನ್ನಡದ ಚಲನಚಿತ್ರ. ಕನ್ನಡದ ಬರೆಹಗಳಲ್ಲಿ ಸಾಮಾನ್ಯವಾಗಿ ಪಟ್ಟಾಭಿಯವರು ಸಿನಿಮಾದ ಚರಿತ್ರೆಗೂ ಸ್ನೇಹಲತಾ ಅವರು ತುರ್ತುಪರಿಸ್ಥಿತಿಯ ಚರಿತ್ರೆಗೂ ಸಂದುಹೋಗಿದ್ದಾರೆ. ಈ ಪಾಲುವಿಭಾಗವನ್ನು ನಾವು ಒಪ್ಪಲಾರೆವು.

1919ರಲ್ಲಿ ನೆಲ್ಲೂರಿನ ಸಿರಿವಂತ ಮನೆತನದಲ್ಲಿ ಹುಟ್ಟಿದ ಪಟ್ಟಾಭಿಯವರು ಇಪ್ಪತ್ತರ ವಯಸ್ಸಿನಲ್ಲೇ, 1939ರಲ್ಲಿ, ‘ಫಿಡೇಲು ರಾಗಾಲ ಡಜನ್’ ಎಂಬ ಸಂಕಲನದಿಂದ ತೆಲುಗಿನ ಛಂದಸ್ಸಿನ ಕಟ್ಟನ್ನು ಬೇಕೆಂದೇ ಮುರಿದವರು. ಸ್ನೇಹಲತಾ ಮದರಾಸಿನ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡವನ್ನು ಕಟ್ಟಿದವರಲ್ಲೊಬ್ಬರು. ಇಂಗ್ಲಿಷಿನಲ್ಲಿ ‘ಸೀತಾ’ ಎಂಬ ನಾಟಕವನ್ನೂ ಬರೆದರು. ಇಬ್ಬರಿಗೂ ರಾಮಮನೋಹರ ಲೋಹಿಯಾರಲ್ಲಿ ಅಪಾರ ನಿಷ್ಠೆ. ಬೆಂಗಳೂರಿನ ಅವರ ಮನೆಗೆ ನಟರು, ಚಿತ್ರಕಾರರು, ಕವಿಗಳು, ಸಮಾಜವಾದಿಗಳು ಹೊತ್ತುಗೊತ್ತಿಲ್ಲದೆ ಬರುತ್ತಿದ್ದರು. ಗೃಹಸ್ಥರ ಕಟ್ಟಳೆಗೆ ಒಳಪಡದ ಇಂಥ ಕಲಾವಿದರ ಬಾಳುವೆಯನ್ನು ಬೊಹೀಮಿಯನ್ ಎಂದು ಕರೆಯುವ ವಾಡಿಕೆಯುಂಟು. ಕಟ್ಟಳೆ ಮುರಿಯುವುದಕ್ಕೂ ಹಿಂದೆ ಒಂದಿಷ್ಟು ಆಸ್ತಿ ಇರಬೇಕಾಗುತ್ತದೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು. ಆದರೆ ಆ ಪದದಲ್ಲಿ ಹೊಣೆಗೇಡಿತನದ ಧ್ವನಿಯೊಂದಿದೆ. ಅದು ಈ ಮನೆಗೆ ಸಲ್ಲದು.

ಆ ಕೂಟದ ದೊಡ್ಡ ಫಲವೆಂದರೆ ‘ಸಂಸ್ಕಾರ’. ಅನಂತಮೂರ್ತಿಯವರ 1965ರ ಕಾದಂಬರಿಗೆ ಚಿತ್ರಕಥೆ ಗಿರೀಶ ಕಾರ್ನಾಡರದು, ನಿರ್ದೇಶನ ಪಟ್ಟಾಭಿಯವರದು, ಸಂಗೀತ ರಾಜೀವ ತಾರಾನಾಥರದು, ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು. ಪ್ರಾಣೇಶಾಚಾರ್ಯ ಕಾರ್ನಾಡರು, ನಾರಣಪ್ಪ ಲಂಕೇಶರು, ಚಂದ್ರಿ ಸ್ನೇಹಲತಾ. ಮದರಾಸಿನ ಸೆನ್ಸಾರ್ ಮಂಡಳಿ ತಡೆದ ಈ ಚಿತ್ರವೇ 1970ರ ಸ್ವರ್ಣಕಮಲವನ್ನು ಪಡೆಯಿತು.

ಇಲ್ಲಿಯವರೆಗಿನ ಕಥೆಯನ್ನು ಹೇಳುವುದು ಸುಲಭ. ಜೀವನಚರಿತ್ರಕಾರನ ಪರೀಕ್ಷೆ ಆರಂಭವಾಗುವುದು 1976ರ ಮೇ 2ರಂದು. ಜಾರ್ಜ್ ಫರ್ನಾಂಡಿಸರ ಭೂಗತ ಚಟುವಟಿಕೆಯ ಸಂಬಂಧದಲ್ಲಿ ಅಂದು ಸ್ನೇಹಲತಾ ಬಂಧಿತರಾದರು. ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಪಟ್ಟಿಯಲ್ಲಿ ಕೊನೆಗೆ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಅವರನ್ನು ಇರಿಸಿಕೊಳ್ಳಲಾಯಿತು. ತೀವ್ರವಾದ ಉಬ್ಬಸವಿದ್ದ ದೇಹ ಅದು. ಎಂಟು ತಿಂಗಳು ಮೀರಿದ ಸೆರೆವಾಸದ ನಂತರ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 18ರಂದು ಪ್ರಧಾನಿಯವರು ಚುನಾವಣೆಯನ್ನು ಸಾರಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಅದೇ ವರ್ಷ ಪ್ರಕಟವಾದ ಅವರ ಸೆರೆಮನೆಯ ದಿನಚರಿಯನ್ನು ಹುತಾತ್ಮಳೊಬ್ಬಳ ಕಡೆಯ ಮಾತೆಂದು ಓದುವುದು ರೂಢಿ. ಆ ಓದಿನಲ್ಲಿ ಗೌರವವಿದೆ, ವಿಮರ್ಶೆಯಿಲ್ಲ. ಬರೆಯುತ್ತಿದ್ದಾಗ ಅದು ಕಡೆಯ ಮಾತೆಂಬುದು ಬರೆದವರಿಗೆ ತಿಳಿದಿರಲಿಲ್ಲ. ಇತರ ಹೆಣ್ಣು ಕೈದಿಗಳ ಮೇಲೆ ಬೀಳುತ್ತಿದ್ದ ಹೊಡೆತ, ಅವರ ಹೊಟ್ಟೆಗೆ ಹಾಕುತ್ತಿದ್ದ ಕೂಳು, ಇವನ್ನು ಗಮನಿಸಿ, ಪ್ರತಿಭಟಿಸಿ, ಉಪವಾಸ ಹೂಡಿದವರು ಅವರು. ಇಂಗ್ಲಿಷ್ ರಂಗಭೂಮಿಯ ವಿದ್ಯಾವಂತೆಯೊಬ್ಬಳು ಹೆಸರಿಲ್ಲದ ಬಡ ಹೆಂಗಸರೊಡನೆ ಒಂದೇ ಗೋಡೆಯೊಳಗೆ ಇರಬೇಕಾಗಿ ಬಂದುದು ಸಣ್ಣ ಸಂಗತಿಯಲ್ಲ. ಎಲ್ಲರಿಗೂ ಬಾಗಿಲು ತೆರೆದಿಟ್ಟ ಮನೆಯ ಒಡತಿಯ ಸ್ವಭಾವ ಬೀಗ ಹಾಕಿದ ಕಡೆಯೂ ಬದಲಾಗಲಿಲ್ಲ. ಆದಕಾರಣ ದಿನಚರಿಯನ್ನು ಆ ಮನೆಯ ಚರಿತ್ರೆಯ ಮುಂದುವರಿದ ಭಾಗವೆಂದೇ ನಾವು ಎಣಿಸುತ್ತೇವೆ.

ಒಂದು ಎಚ್ಚರಿಕೆ ಅವಶ್ಯ. ಆಚಾರ್ಯರು ಗ್ರಂಥಗಳನ್ನು ತಡಕುತ್ತಿರುವಾಗ ಶವಸಂಸ್ಕಾರವನ್ನು ತಾನೇ ಮಾಡಿಸಿಬಿಡುವ ಚಂದ್ರಿಯನ್ನು ಸೆರೆಮನೆಯ ಸ್ನೇಹಲತಾ ಅವರೊಡನೆ ಸಮೀಕರಿಸುವ ಮೋಹ ಎಂಥವರಿಗೂ ಹುಟ್ಟೀತು. ಈ ಲೇಖನದ ಮೊದಲ ಕರಡಿನಲ್ಲಿ ನಾವೂ ಅದಕ್ಕೆ ಸಿಕ್ಕಿಬಿದ್ದಿದ್ದೆವು. ಚಂದ್ರಿ ಅನಂತಮೂರ್ತಿಯವರ ಸೃಷ್ಟಿ. ನಟಿಯ ಬಾಳಿಗೆ ಪಾತ್ರವನ್ನು ಸಾಕ್ಷಿಗೆ ಕರೆಯಲಾಗದು. ಸ್ನೇಹಿತರ ಆತ್ಮಕಥೆಗಳಾದ ಕಾರ್ನಾಡರ ‘ಆಡಾಡತ ಆಯುಷ್ಯ’, ಅನಂತಮೂರ್ತಿಯವರ ‘ಸುರಗಿ’ ಮೊದಲಾದವು ಬೆಲೆಯುಳ್ಳ ಆಕರಗಳೇ ಸರಿ; ಆದರೆ ಆತ್ಮಕಥೆಯ ನಡುಮನೆಯಲ್ಲಿ ಕುಳಿತಿರುವವನು ಅದನ್ನು ಬರೆದವನೇ.

ಪತಿಯ ಸಾಕ್ಷ್ಯವಿರುವುದು ಬೇರೆಡೆ. ಲಂಕೇಶರ ನಾಟಕವನ್ನು ಆಧರಿಸಿದ ಅವರ ‘ಚಂಡಮಾರುತ’ 1977ರಲ್ಲಿ ಬಂತು. ಮರುವರ್ಷ ‘ಕಯಿತ ನಾ ದಯಿತ’ ಎಂಬ ತೆಲುಗು ಸಂಕಲನ. ಕವಿತೆಯೇ ನನ್ನ ದಯಿತೆ ಎಂಬುದು ಆ ಹೆಸರಿನ ಅರ್ಥ. ನಾಲ್ಕು ದಶಕಗಳ ಹಿಂದೆ ಛಂದಸ್ಸನ್ನು ಅಣಕಿಸಿದ ಕವಿ ಹೆಂಡತಿಯಿಲ್ಲದ ಮನೆಯಿಂದ ಮತ್ತೆ ಕಾವ್ಯವನ್ನು ಪ್ರಕಟಿಸಿದುದನ್ನು ಸಿನಿಮಾದ ಚರಿತ್ರೆ ಗಮನಿಸುವುದಿಲ್ಲ. ಅವರು ಗತಿಸಿದುದು 2006ರಲ್ಲಿ. ಹಳೆಯ ಕಾರಾಗೃಹದ ನಿವೇಶನ 2008ರಿಂದ ಫ್ರೀಡಂ ಪಾರ್ಕ್ ಆಗಿದೆ. ಸುಬ್ರಹ್ಮಣ್ಯಪುರದ ಕಡೆಯ ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿಬರುತ್ತಾರೆ. ಅವರಲ್ಲಿ ಮನೆಮಾತು ತೆಲುಗಾಗಿರುವವರು ಅನೇಕರು. ದಿನಚರಿಯನ್ನೂ ಆ ಸಂಕಲನವನ್ನೂ ಅಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಅವರಲ್ಲಿ ಯಾರಾದರೂ ಕೈಗೆತ್ತಿಕೊಳ್ಳುವುದಾದರೆ ನಮ್ಮಲ್ಲಿರುವ ಟಿಪ್ಪಣಿಗಳನ್ನು ಸಂತೋಷದಿಂದ ಕೊಡುತ್ತೇವೆ.