‘ಪರಿಸರಸ್ನೇಹಿ’ ಎಂಬ ಮಾತಿನ ಬೆಲೆ

ಪಾತ್ರೆ ತೊಳೆಯುವ, ನೆಲ ಒರೆಸುವ, ಬಟ್ಟೆ ಒಗೆಯುವ ದ್ರವಗಳು ಈಗ ‘ಪರಿಸರಸ್ನೇಹಿ’ ಎಂಬ ವಿಶೇಷಣದೊಡನೆ, ಮತ್ತೆ ಮತ್ತೆ ತುಂಬಿಕೊಳ್ಳುವ ರೂಪದಲ್ಲಿ ಮಾರಾಟಕ್ಕೆ ಬರುತ್ತಿವೆ. ಕೊಂಡ ಸೀಸೆಯನ್ನು ಎಸೆಯದೆ ಬಳಸುವುದು ಪ್ರಶಂಸನೀಯವೇ ಸರಿ. ಆದರೆ ಸೀಸೆಯ ಗುಣವನ್ನು ಅದರೊಳಗಿನ ವಸ್ತುವಿಗೂ ಆರೋಪಿಸುವುದು ವ್ಯಾಪಾರದ ಲೆಕ್ಕಕ್ಕೂ ಸಲ್ಲದು, ಧರ್ಮದ ಲೆಕ್ಕಕ್ಕೂ ಸಲ್ಲದು.

ಹಿಂದೆ ದಿನಸಿ ಅಂಗಡಿಯಲ್ಲಿ ಎಣ್ಣೆಯನ್ನು ಗಿರಾಕಿಯ ಪಾತ್ರೆಗೇ ಅಳೆದು ಕೊಡುತ್ತಿದ್ದರು. ಮಾರ್ಜಕವನ್ನೂ ಹಾಗೆ ಅಳೆಸಿಕೊಂಡರೆ ಪ್ಲಾಸ್ಟಿಕ್ಕು ನಿಜವಾಗಿ ಉಳಿಯುತ್ತದೆ. ಆದರೆ ಪೇಟೆಯಲ್ಲಿ ಮರುಪೂರಣವೆಂದು ಸಾಮಾನ್ಯವಾಗಿ ದೊರೆಯುವುದು ತೆಳುವಾದ ಚೀಲ. ಅದಕ್ಕೆ ಸೀಸೆಗಿಂತ ಕಡಿಮೆ ಪ್ಲಾಸ್ಟಿಕ್ಕು ಸಾಕೆಂಬುದು ದಿಟ. ಆದರೆ ಬೇರೆ ಬೇರೆ ಪದರಗಳನ್ನು ಅಂಟಿಸಿ ಮಾಡಿದ ಚೀಲವನ್ನು ಕರಗಿಸಿ ಪುನಃ ಬಳಸುವುದು ಕಷ್ಟ. ಗುಜರಿಯವನು ಸೀಸೆಯನ್ನು ಕೊಂಡಾನು, ಇಂತಹ ಚೀಲವನ್ನು ಕೊಳ್ಳಲಾರ. ಈ ದ್ರವಗಳ ಬಹುಭಾಗ ನೀರೇ ಆಗಿರುವುದರಿಂದ, ಮನೆಯಲ್ಲಿ ನೀರು ಬೆರೆಸಿಕೊಳ್ಳುವ ಸಾಂದ್ರ ರೂಪವೇ ಹೆಚ್ಚು ಯುಕ್ತ. ಸಾಗಾಟದ ವೆಚ್ಚವೂ ಉಳಿದೀತು.

ಇನ್ನು ಒಳಗಿನ ವಸ್ತು. ನೊರೆ ಬರಿಸುವ ರಾಸಾಯನಿಕವು ಮೋರಿಗೆ ಇಳಿದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಉಕ್ಕಿ ರಸ್ತೆಗೆ ಹಾರಿತು. ಶುದ್ಧೀಕರಿಸದ ಕೊಳಚೆಯೊಡನೆ ಸೇರಿದ ಮಾರ್ಜಕಗಳು ಅದರ ಮುಖ್ಯ ಕಾರಣಗಳಲ್ಲಿ ಒಂದು. ಆ ಮಾರ್ಜಕವು ಹೊಸ ಸೀಸೆಯಿಂದ ಬಂದಿತೋ ಮರುತುಂಬಿದ ಸೀಸೆಯಿಂದ ಬಂದಿತೋ ಎಂಬ ಭೇದ ನೀರಿನ ಜೀವಿಗಳಿಗಿಲ್ಲ.

ಕೇಂದ್ರ ಸರ್ಕಾರವು 1991ರಲ್ಲಿಯೇ ಇಕೋಮಾರ್ಕ್ ಯೋಜನೆಯನ್ನು ಜಾರಿಗೆ ತಂದಿತು. ಸಾಬೂನು, ಮಾರ್ಜಕಗಳೂ ಅದರ ವ್ಯಾಪ್ತಿಗೆ ಸೇರಿದ್ದವು. ಅದರ ಚಿಹ್ನೆ ಮಣ್ಣಿನ ಮಡಕೆ. ಆದರೆ ಆ ಮುದ್ರೆಯನ್ನು ಪಡೆದ ತಯಾರಕರು ವಿರಳ. 2024ರಲ್ಲಿ ಅದರ ಸ್ಥಾನಕ್ಕೆ ಹೊಸ ನಿಯಮಗಳು ಬಂದವು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ತಕ್ಕ ವಿವರಣೆ ಮತ್ತು ಆಧಾರಗಳಿಲ್ಲದೆ ‘ಪರಿಸರಸ್ನೇಹಿ’ಯಂತಹ ಮಾತುಗಳನ್ನು ಬಳಸಬಾರದೆಂದು ಮಾರ್ಗಸೂಚಿ ಹೊರಡಿಸಿತು. ಸತ್ಯಾಣುವ್ರತವು ವರ್ತಕನಿಂದ ಅಪೇಕ್ಷಿಸುವುದೂ ಇದನ್ನೇ.

ಆದ್ದರಿಂದ ಬಸದಿಗೂ ಛತ್ರಕ್ಕೂ ಸಗಟಾಗಿ ಕೊಳ್ಳುವ ಟ್ರಸ್ಟುಗಳು ಮಾರುವವನಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು: ಒಳಗೆ ಏನಿದೆ? ಖಾಲಿ ಡಬ್ಬವನ್ನು ಹಿಂದಕ್ಕೆ ಪಡೆಯುವಿರಾ? ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಹುಣಸೆಹಣ್ಣೇ ಸಾಕಾದಲ್ಲಿ ದ್ರವದ ಅಗತ್ಯವೂ ಇಲ್ಲ. ಒಂದು ಮುಚ್ಚಳ ಸಾಲುವಲ್ಲಿ ಮೂರು ಮುಚ್ಚಳ ಸುರಿದರೆ, ಮೇಲಿನ ಎರಡು ಅನರ್ಥದಂಡವೇ. ಸೀಸೆಯ ಮೇಲೆ ಎಷ್ಟು ಹಸಿರು ಎಲೆಗಳನ್ನು ಚಿತ್ರಿಸಿದರೂ ಆ ದೋಷ ಕಳೆಯದು.